ಬಸವಣ್ಣನ ಮುಂದಿನ ಸೈಕಲ್ ದಾರಿ

೧೯೮೭ ಜೂನ್ ೮, ಸೋಮವಾರ

ಶಿವನ ಹೆಸರು ಹೇಳಿ ಶುರು ಮಾಡುತ್ತೇನೆ. ಈ ಡೈರಿ ಪುಸ್ತಕವನ್ನು ಸೊಸೈಟಿಯವರು ಮಂಡಲ ಪಂಚಾಯಿತಿಗೆ ಗೆದ್ದವರಿಗೆಲ್ಲ ಕೊಟ್ಟದ್ದು. ಕೊಟ್ಟದ್ದೇ ಈ ತಿಂಗಳು, ಹಾಗಾಗಿ ಅರ್ಧ ಪುಸ್ತಕ ಖಾಲಿ ಬಿಟ್ಟು ಇಲ್ಲಿಂದ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವಳಿಗೆ ಇಷ್ಟು ಹಾಳೆ ಸಾಕು.

ನಾನು ಗೆದ್ದದ್ದರಲ್ಲಿ ನನ್ನದೇನೂ ಇಲ್ಲ. ಸರ್ಕಾರ ಹೆಂಗಸರಿಗೆಂದು ಸೀಟು ಇಟ್ಟಿತು. ಬೇರೆ ಹೆಂಗಸರಿಗೆ ಗಂಡಂದಿರು ಬೇಡವೆಂದರು. ನನಗೆ ಬೇಡವೆನ್ನುವವರು ಆರು ವರ್ಷದ ಹಿಂದೆಯೇ ಶಿವನ ಪಾದ ಸೇರಿದ್ದಾರೆ. ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿ ನನ್ನದು. ಟೀ ಬಂದರೆ ಕುಡಿಯುತ್ತೇನೆ, ಕಾಗದ ಬಂದರೆ ರುಜು ಹಾಕುತ್ತೇನೆ.

ಸೊಸೆಗೆ ಬೋರನಪಾಳ್ಯದಲ್ಲಿ ಅಂಗನವಾಡಿ ಕೆಲಸ ಸಿಕ್ಕಿದೆ. ಇವತ್ತೇ ಮೊದಲ ದಿನ. ಆರು ತಿಂಗಳು ನೋಡುತ್ತಾರಂತೆ, ಸರಿ ಕಂಡರೆ ಮುಂದುವರಿಸುತ್ತಾರಂತೆ. ಮಗ ಮರುಳಸಿದ್ದಯ್ಯ ತಿಪಟೂರಿನ ಮಂಡಿಯಲ್ಲಿ ಕೆಲಸಕ್ಕಿದ್ದಾನೆ, ತಿಂಗಳಿಗೊಂದೆರಡು ಶನಿವಾರ ಬರುತ್ತಾನೆ. ಅರ್ಜಿ ಹಾಕಿಸಿದ್ದು ಅವನೇ. ಪಾಳ್ಯಕ್ಕೆ ಬಸ್ಸು ಬರುವುದು ಹತ್ತೂವರೆಗೆ, ಮಕ್ಕಳು ಬರುವುದು ಒಂಬತ್ತಕ್ಕೆ. ಕೆರೆ ಏರಿ ಮೇಲೆ ನಡೆದರೆ ಮೂರೂವರೆ ಮೈಲಿ. ನಡೆಯಲಿ. ಅವಳ ವಯಸ್ಸಿನಲ್ಲಿ ನಾನು ನೊಣವಿನಕೆರೆ ಮಠಕ್ಕೆ ನಡೆದೇ ಹೋಗಿಬರುತ್ತಿದ್ದೆ.

ಜೂನ್ ೧೯, ಶುಕ್ರವಾರ

ಸೊಸೆ ಒಂದು ಮಾತು ಕೇಳಿದಳು. ನನ್ನ ಮುಖ ನೋಡಿ ಕೇಳಲಿಲ್ಲ, ಕೊಬ್ಬರಿ ಅಟ್ಟದ ಕೆಳಗೆ ಗೋಡೆಗೆ ಒರಗಿಸಿರುವ ನಮ್ಮ ಯಜಮಾನರ ಸೈಕಲ್ಲು ನೋಡಿಕೊಂಡು ಕೇಳಿದಳು.

"ಅತ್ತೆಮ್ಮ, ನಂಗೆ ಸೈಕಲ್ ಬತ್ತದೆ. ತವರಲ್ಲಿ ಅಣ್ಣನ್ದು ತುಳೀತಿದ್ದೆ."

"ತವರಲ್ಲಿ ಲಂಗ ಹಾಕ್ಕಂಡು ತುಳಿದಿರ್ತೀಯ. ಈಗ ಸೀರೆ," ಅಂದೆ.

ಅವರು ಹೋದ ಮೇಲೆ ಆ ಸೈಕಲ್ಲನ್ನು ಯಾರೂ ತುಳಿದಿಲ್ಲ. ಆಯುಧಪೂಜೆಗೆ ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸುತ್ತೇನೆ. ಗಾಳಿಯಿಲ್ಲದ ಚಕ್ರಕ್ಕೂ ಹೂವು. ಮೇಲಾಗಿ ಏರಿಯ ನಡುವೆ ಬಸವಣ್ಣನ ಕಲ್ಲಿದೆ. ಅದರ ಮುಂದೆ ಎಂಥ ದೊಡ್ಡವರೂ ಚಪ್ಪಲಿ ಕೈಗೆ ತೆಗೆದುಕೊಂಡು ನಡೆಯುತ್ತಾರೆ. ಮದುವೆ ಗಾಡಿಯಿಂದ ಹೆಣ್ಣು ಗಂಡು ಇಳಿಯುತ್ತಾರೆ. ಅಂಥ ಕಡೆ ಒಬ್ಬ ಹೆಂಗಸು ಸೈಕಲ್ಲಿನ ಮೇಲೆ ಕೂತು ಹೋಗುವುದೆಂದರೇನು. ಆಗಲ್ಲ ಅಂದೆ. ಅವಳು ಪಾತ್ರೆ ತಿಕ್ಕುವ ಸದ್ದು ಜೋರಾಯಿತು.

ಜುಲೈ ೭, ಮಂಗಳವಾರ

ಇವತ್ತು ಒಂಬತ್ತಕ್ಕೆ ಸರಿಯಾಗಿ ಸೂಪರ್‌ವೈಸರಮ್ಮ ಹೇಳದೆ ಕೇಳದೆ ಜೀಪಿನಲ್ಲಿ ಪಾಳ್ಯಕ್ಕೆ ಬಂದರಂತೆ. ಮಕ್ಕಳು ಜಗಲಿ ಮೇಲೆ, ಬಾಗಿಲಿಗೆ ಬೀಗ. ಸೊಸೆ ತಲುಪಿದ್ದು ಒಂಬತ್ತು ನಲವತ್ತಕ್ಕೆ. ಪುಸ್ತಕದಲ್ಲಿ ತಡವೆಂದು ಬರೆದುಹೋದರಂತೆ. ಹೀಗೆ ಮೂರು ಸಲ ಬರೆದರೆ ಕೆಲಸ ಬೇರೆಯವರಿಗೆ.

"ಯಾಕೆ ತಡ ಮಾಡ್ದೆ?"

"ಪೂಜೆ ಮುಗಿಯೋವಾಗ ಎಂಟೂವರೆ ಆಗಿತ್ತಲ್ಲ ಅತ್ತೆಮ್ಮ."

ನಮ್ಮ ಮನೆಯಲ್ಲಿ ಪೂಜೆ ಮುಗಿದು ತೀರ್ಥ ತೆಗೆದುಕೊಳ್ಳದೆ ಯಾರೂ ಹೊಸಿಲು ದಾಟುವಂತಿಲ್ಲ. ಅದು ನಾನು ಮಾಡಿದ್ದಲ್ಲ, ನಮ್ಮತ್ತೆ ಮಾಡಿದ್ದು. ನಮ್ಮತ್ತೆಯ ಕಾಲದಲ್ಲಿ ಜೀಪು ಇರಲಿಲ್ಲ, ಅದು ಬೇರೆ ಮಾತು.

ಜುಲೈ ೧೬, ಗುರುವಾರ

ಅಷ್ಟು ದೂರ ಏನಿದೆ ನೋಡೇಬಿಡೋಣವೆಂದು ಸೊಸೆಯ ಜತೆ ನಾನೂ ನಡೆದೆ. ಪೂಜೆ ಸ್ವಲ್ಪ ಬೇಗ ಮುಗಿಸಿದ್ದೆ. ಏರಿಯ ಮೇಲೆ ಚೆನ್ನಾಗಿತ್ತು. ಬಸವಣ್ಣನಿಗೆ ಕೈ ಮುಗಿದು ಮುಂದೆ ಹೋದೆವು. ಕೋಡಿ ದಾಟಿದ ಮೇಲೆ ತೆಂಗಿನ ತೋಟಗಳ ನಡುವೆ ಇನ್ನೂರು ಗಜ ತಗ್ಗು, ಗಾಡಿ ಚಕ್ರ ಉತ್ತುಹಾಕಿದ ಕೆಸರು. ಸೊಸೆ ದಿನಾ ಅಲ್ಲಿ ಸೀರೆ ಎತ್ತಿಕಟ್ಟಿ ದಾಟಿ, ಆಚೆ ತೋಟದ ಗುಂಡಿಯಲ್ಲಿ ಕಾಲು ತೊಳೆದುಕೊಳ್ಳುತ್ತಾಳಂತೆ. ನನಗೆ ಅದು ಗೊತ್ತಿರಲಿಲ್ಲ.

ನಾವು ಹೋಗುವಾಗ ಅಂಗನವಾಡಿ ಜಗಲಿ ಮೇಲೆ ಏಳೆಂಟು ಮಕ್ಕಳಿದ್ದವು. ಜತೆಗೆ ಅಂಕಮ್ಮ ಅನ್ನುವ ಹೆಂಗಸು, ಕಂಕುಳಲ್ಲಿ ಒಂದು ಮಗು. ನಮ್ಮೂರ ಶೆಡ್ಡಿನಲ್ಲಿ ಕೊಬ್ಬರಿ ಒಡೆಯುವ ಕೂಲಿಯವಳು.

"ಬಂದ್ರಾ ಟೀಚರಮ್ಮ," ಅಂದಳು. "ನೀವು ಬರೋಗಂಟ ನಾವ್ ಕಾಯ್ಬೋದು, ಕೂಲಿ ಕಾಯ್ತದಾ? ಹೊತ್ತು ಮೀರಿ ಹೋದ್ರೆ ನಾಳೆ ಬಾ ಅಂತಾರೆ."

"ನಮ್ಮತ್ತೆ ಕಣಕ್ಕ ಇವ್ರು. ಪಂಚಾಯ್ತಿ ಮೆಂಬರು," ಅಂದಳು ಸೊಸೆ.

ಅಂಕಮ್ಮ ನನ್ನ ಕೆಸರುಗಾಲು ನೋಡಿದಳು. "ಮೆಂಬರಿಗೂ ಇದೇ ದಾರೀನಾ," ಅಂತ ಮಗು ಇಳಿಸಿ ಓಡಿದಳು.

ಸಾಯಂಕಾಲ ಕಾಲು ಊದಿತ್ತು. ಸೊಸೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದಳು. ಬೇಡ ಅಂದೆ. ತಿಕ್ಕಿದಳು.

ಸೈಕಲ್ಲಿಗೆ ಟೈರು ಟ್ಯೂಬು ಏನು ಬೇಕಾದೀತು ಎಂದು ಮಗನಿಗೆ ಒಂದು ಕಾಗದ ಬರೆದೆ. ಸುಮ್ಮನೆ ಕೇಳಿದ್ದು ಅಷ್ಟೇ.

ಜುಲೈ ೨೫, ಶನಿವಾರ

ಮಗ ಬಂದ. ಟೈರಿನ ಮಾತಲ್ಲವಂತೆ. ಅಡ್ಡ ಕಂಬಿ ಕತ್ತರಿಸಿ ಕೆಳಕ್ಕೆ ಬೆಸುಗೆ ಹಾಕಿಸಿದರೆ ಮಾತ್ರ ಸೀರೆಯವರು ಹತ್ತಬಹುದಂತೆ. ಆ ಕಂಬಿಯ ಮೇಲೆ ಟವೆಲ್ಲು ಸುತ್ತಿ ಅವರು ಇವನನ್ನು ಸ್ಕೂಲಿಗೆ ಕರೆದುಕೊಂಡು ಹೋಗುತ್ತಿದ್ದರು.

"ನೀನು ಹೂಂ ಅನ್ನೋಗಂಟ ನಾನು ಮುಟ್ಟಲ್ಲ ಕಣವ್ವ," ಅಂದ.

ಕತ್ತರಿಸು ಅಂದೆ. ಇವತ್ತು ಊಟ ಸೇರಲಿಲ್ಲ.

ಆಗಸ್ಟ್ ೧೦, ಶ್ರಾವಣ ಸೋಮವಾರ

ಸಭೆಯಲ್ಲಿ ಬಾಯಿ ಬಿಟ್ಟೆ. ಅದನ್ನು ಬರೆದಿಡಬೇಕು.

ಸೈಕಲ್ಲು ತಿಪಟೂರಿನಿಂದ ಬಂದು ವಾರವಾಗಿದೆ. ಸೊಸೆ ಗಿರಿಜಾಂಬಿಕಾ ಊರ ಹಿಂದಿನ ಕಣದಲ್ಲಿ ತುಳಿದು ನೋಡಿದಳು, ಒಂದು ಸಲವೂ ಕಾಲು ಊರಲಿಲ್ಲ. ಆದರೆ ಕೋಡಿ ಆಚೆಯ ಕೆಸರಿನಲ್ಲಿ ಅವಳು ಸೈಕಲ್ಲು ತುಳಿಯುವುದಲ್ಲ, ಹೊರಬೇಕು.

ಇವತ್ತು ರಸ್ತೆ ಕೆಲಸದ ವಿಷಯ ಬಂತು. ಪ್ರಧಾನರಾದ ಶ್ರೀರಂಗಯ್ಯನವರು ತಮ್ಮ ಕೊಬ್ಬರಿ ಶೆಡ್ಡಿನವರೆಗೆ ಲಾರಿ ಬರುವ ಹಾಗೆ ದಾರಿ ಅಗಲ ಮಾಡಿಸಬೇಕೆಂದು ಓದಿಸಿದರು. ಎಲ್ಲರೂ ತಲೆ ಆಡಿಸಿದರು. ರುಜುವಿನ ಪುಸ್ತಕ ನನ್ನ ಕೈಗೆ ಬಂತು. ಪೆನ್ನು ಹಿಡಿದುಕೊಂಡೇ ಕೇಳಿದೆ.

"ನಮ್ ಮಂಡಲದಾಗೆ ಲಾರಿ ಎಷ್ಟವೆ?"

"ಇಲ್ಲಿಲ್ಲ ಕಣಮ್ಮ, ತಿಪಟೂರಿಂದ ಬತ್ತವೆ," ಅಂದರು ಪ್ರಧಾನರು.

"ವಾರಕ್ಕೆಷ್ಟು?"

"ಒಂದು. ಒಂದೊಂದ್ ವಾರ ಎರಡು."

"ಸೈಕಲ್ ಎಷ್ಟವೆ?"

ಯಾರಿಗೂ ಗೊತ್ತಿರಲಿಲ್ಲ. ಪಂಚಾಯಿತಿಯವರು ಸೈಕಲ್ಲಿಗೆ ವರ್ಷಕ್ಕೊಂದು ತಗಡಿನ ಬಿಲ್ಲೆ ಕೊಟ್ಟು ಕಂದಾಯ ತೆಗೆದುಕೊಳ್ಳುತ್ತಾರಲ್ಲ, ಕಾರ್ಯದರ್ಶಿ ಆ ಬಿಲ್ಲೆಯ ಪುಸ್ತಕ ತೆಗೆದು ನೂರಾ ಹದಿನಾಲ್ಕು ಅಂದರು.

"ನೂರಾ ಹದಿನಾಲ್ಕು ಜನದ ಹತ್ರ ಕಂದಾಯ ಇಸ್ಕಂಡು ಒಂದು ಲಾರಿಗೆ ದಾರಿ ಮಾಡ್ತೀರಾ? ಕೋಡಿ ಆಚೆ ತಗ್ಗು ತುಂಬ್ಸಿ, ಸೈಕಲ್ ಓಡಾಡ್ಲಿ."

ಇನ್ನೊಬ್ಬ ಮೆಂಬರು ಹುಚ್ಚರಂಗಯ್ಯ ಬಾಯಿ ಹಾಕಿದ. ಅವನ ಬಾಯಿಗೆ ಊರೇ ನಗುತ್ತದೆ.

"ಶಿವರುದ್ರಮ್ಮ, ಏರಿ ಮೇಲೆ ಬಸವಣ್ಣ ಕೂತವ್ನೆ. ಅವನ ಮುಂದೆ ಸೈಕಲ್ ಮೇಲೆ ಹೋಗಕ್ಕಾಯ್ತದಾ? ದೇವ್ರು ದಿಂಡ್ರು ಅನ್ನೋಳು ನೀನೇ ಇಂಗಂದ್ರೆ ಎಂಗೆ?"

"ಬಸವಣ್ಣ ಯಾರು? ಶಿವನ ವಾಹನ ಕಣಪ್ಪ. ತಾನೇ ದುಡಿಯೋ ಪ್ರಾಣಿ. ಇನ್ನೊಂದು ವಾಹನ ಕಂಡ್ರೆ ಅವನು ಹೊಟ್ಟೆ ಉರ್ಕಳಲ್ಲ. ಅಲ್ಲಿ ಇಳಿಯೋದು, ನಾಕು ಹೆಜ್ಜೆ ನಡೆಯೋದು, ಮತ್ತೆ ಹತ್ತೋದು. ಪುಣ್ಯವೂ ಬತ್ತದೆ, ಹೊತ್ತಿಗೆ ಸರಿಯಾಗಿ ಹೋದಂಗೂ ಆಯ್ತದೆ."

ನಕ್ಕರು, ಆದರೆ ಬೇರೆ ಥರ ನಕ್ಕರು. ತಗ್ಗಿಗೆ ಏನು ಹಾಕುತ್ತೀಯ ಅಂದರು ಪ್ರಧಾನರು. ತೆಂಗಿನಕಾಯಿ ಸುಲಿದ ಮಟ್ಟೆ ಅಂದೆ. ತೋಟದಲ್ಲಿ ಮಟ್ಟೆ ಹೂಳದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ, ಎಲ್ಲರಿಗೂ ಸರಿ ಕಂಡಿತು. ಪುಕ್ಕಟೆ ಸಿಗುತ್ತದೆ ಅನ್ನುವುದು ಇನ್ನೂ ಸರಿ ಕಂಡಿತು. ನಾಲ್ಕು ದಿನದ ಆಳು ಕೊಟ್ಟರು. ಉಳಿದದ್ದೆಲ್ಲ ಶೆಡ್ಡಿನ ದಾರಿಗೆ.

ಆಗಸ್ಟ್ ೨೯, ಶನಿವಾರ

ಕೆಲಸ ಮುಗಿಯಿತು. ಮನೆಮನೆಯಿಂದ ಮಟ್ಟೆ ಕೊಟ್ಟರು. ಕೆರೆ ತೂಬು ನೋಡಿಕೊಳ್ಳುವ ನೀರುಗಂಟಿ ಬೋರಯ್ಯ ನಿಂತು ಒಂದರ ಪಕ್ಕ ಒಂದು ಕವುಚಿ ಜೋಡಿಸಿ ಮೇಲೆ ಮಣ್ಣು ಹಾಕಿಸಿದ. ಕಾಲಿಟ್ಟರೆ ಹಾಸಿಗೆಯ ಹಾಗಿದೆ. ಗಿರಿಜ ಎಂಟೂಕಾಲಿಗೆ ಹೊರಟು ಒಂಬತ್ತಕ್ಕೆ ಹತ್ತು ನಿಮಿಷ ಮುಂಚೆ ಬೀಗ ತೆಗೆದಳಂತೆ. ಬಸವಣ್ಣನ ಮುಂದೆ ಇಳಿದೆಯಾ ಎಂದು ಕೇಳಿದೆ. ಇಳಿದೆ, ಎಕ್ಕದ ಹೂವನ್ನೂ ಇಟ್ಟೆ ಅಂದಳು.

ನನಗೆ ಸ್ವಲ್ಪ ಜಂಬ ಬಂದಿದೆ. ಶಿವ ಕ್ಷಮಿಸಲಿ.

ಅಕ್ಟೋಬರ್ ೧, ಆಯುಧಪೂಜೆ

ಸೈಕಲ್ಲಿಗೆ ವಿಭೂತಿ ಹಚ್ಚಿ ಸೇವಂತಿಗೆ ಕಟ್ಟಿದೆ. ಆರು ವರ್ಷವೂ ಆ ಹೂವು ಇದ್ದಲ್ಲೇ ಬಾಡುತ್ತಿತ್ತು. ಇವತ್ತು ಗಿರಿಜ ಗಿರಣಿಗೆ ಹೋಗಿ ಬರುವಷ್ಟರಲ್ಲಿ ಬೀದಿಯುದ್ದಕ್ಕೂ ಎಸಳು ಉದುರಿತ್ತು.

ಅಕ್ಟೋಬರ್ ೧೪, ಬುಧವಾರ

ನಾಲ್ಕು ದಿನದಿಂದ ಮಳೆ. ಏರಿ ಗಟ್ಟಿಯಾಗೇ ಇದೆ. ನನ್ನ ಮಟ್ಟೆಯ ದಾರಿ ಹೋಯಿತು.

ತೋಟದಲ್ಲಿ ಮಟ್ಟೆ ಯಾಕೆ ಹೂಳುತ್ತೇವೆ? ನೀರು ಕುಡಿದು ಬೇಸಿಗೆಯವರೆಗೂ ಇಟ್ಟುಕೊಳ್ಳಲಿ ಎಂದು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ದಾರಿಗೆ ಹಾಕಿಸಿದೆ. ಇನ್ನೂರು ಗಜವೂ ನೀರು ಕುಡಿದು ಊದಿ ಕೂತಿದೆ, ಮೊದಲಿದ್ದ ಕೆಸರೇ ವಾಸಿ. ಅದರ ಮೇಲೆ ಯಾರೋ ಎತ್ತಿನಗಾಡಿ ಹೊಡೆದು ಎರಡು ಕಾಲುವೆ ತೋಡಿದ್ದಾರೆ. ಗಿರಿಜ ಸೈಕಲ್ ಸಮೇತ ಬಿದ್ದಳು. ಮಕ್ಕಳ ಹಿಟ್ಟಿನ ಚೀಲ ನೀರುಪಾಲು, ಮೊಣಕೈ ತರಚಿದೆ. ತಲುಪುವಾಗ ಒಂಬತ್ತೂವರೆ. ಜೀಪು ಆಗಲೇ ಬಂದು ನಿಂತಿತ್ತು. ಎರಡನೇ ಸಲ ಬರೆದರು. ಇನ್ನು ಒಂದೇ ಉಳಿದಿರುವುದು.

"ಬಿದ್ದದ್ದು ಹೇಳ್ಳಿಲ್ವಾ?" ಅಂದೆ.

"ದಾರಿ ಮಾಡ್ಸಿದ್ದು ನಮ್ಮತ್ತೆ ಅಂತ ಪಾಳ್ಯದೋರೆಲ್ಲ ಮೇಡಂಗೆ ಹೇಳವ್ರೆ. ಎಂಗೆ ಹೇಳ್ಲಿ?"

ಅಕ್ಟೋಬರ್ ೧೬, ಶುಕ್ರವಾರ

ಮಳೆ. ಪೂಜೆ ಬೇಗ ಮುಗಿಸಿದೆ, ಗಿರಿಜ ಏಳಕ್ಕೆ ಹೊರಟು ನಡೆದು ಹೋದಳು.

ಅಕ್ಟೋಬರ್ ೧೯, ಸೋಮವಾರ

ಸಭೆ. ಹುಚ್ಚರಂಗಯ್ಯ ನಾನು ಕೂರುವುದಕ್ಕೇ ಕಾದಿದ್ದ.

"ಅಲ್ಲ ಕಣ್ರೀ, ತೆಂಗಿನ ಬುಡಕ್ಕೆ ಹಾಕೋದ್ನ ದಾರಿ ಬುಡಕ್ಕೆ ಹಾಕ್ಸವ್ಳೆ. ನೋಡ್ತಿರಿ, ಏಳ್ ವರ್ಷಕ್ಕೆ ಎಳನೀರು ಬುಡ್ತದೆ ದಾರಿ."

ಎಲ್ಲರೂ ನಕ್ಕರು. ನನಗೂ ನಗು ಬಂತು, ಅದೇ ಅವಮಾನ.

"ತಪ್ಪು ನಂದೇ," ಅಂದೆ. "ಬೋರಯ್ಯನ್ದಲ್ಲ, ಆಳುಗಳದ್ದಲ್ಲ. ಮಟ್ಟೆ ಅಂದೋಳು ನಾನು."

ಪ್ರಧಾನರು ಪೆನ್ನು ಕೆಳಗಿಟ್ಟರು. ಆ ಕೋಣೆಯಲ್ಲಿ ತಪ್ಪು ನಂದು ಅನ್ನುವ ಮಾತು ಯಾರೂ ಆಡಿದ್ದು ಕಾಣೆ. ನಾನು ಮುಂದುವರಿದೆ. ನೀರು ಹಿಡಿಯದ ಗುಡ್ಡದ ಗರಸುಮಣ್ಣು ಬೇಕು, ದಾರಿ ನಡುವೆ ಎತ್ತರ ಮಾಡಿ ಎರಡು ಕಡೆ ಚರಂಡಿ ತೆಗೆಯಬೇಕು, ಎರಡು ತುದಿಗೂ ಕಲ್ಲುಕಂಬ ನೆಡಬೇಕು. ಕಂಬದ ನಡುವೆ ಎರಡು ಮೊಳ. ಸೈಕಲ್ಲು ಹೋಗಬೇಕು, ಗಾಡಿ ಹೋಗಬಾರದು.

"ಗಾಡಿಯೋರು ಸುಮ್ಕಿರ್ತಾರಾ?" ಅಂದ ಹುಚ್ಚರಂಗಯ್ಯ.

"ಗಾಡಿಗೆ ಸುತ್ತಿನ ರಸ್ತೆ ಅದೆ. ಎತ್ತಿಗೆ ಒಂಬತ್ತು ಗಂಟೆ ಅಂದ್ರೆ ಗೊತ್ತಾಯ್ತದಾ?"

"ಮೊದ್ಲು ಹಾಕ್ಸಿರೋ ಮಟ್ಟೆ ತೆಗೆಸಮ್ಮ," ಅಂದರು ಪ್ರಧಾನರು. "ಆಮೇಕೆ ನೋಡನ."

ಆಳು ಕೊಡುತ್ತೇನೆ ಅನ್ನಲಿಲ್ಲ.

ಅಕ್ಟೋಬರ್ ೨೫, ಭಾನುವಾರ

ದೀಪಾವಳಿ ಮುಗಿಯಿತು. ಬೆಳಗ್ಗೆ ಪೂಜೆ ಮಾಡಿ ಗುದ್ದಲಿ ತೆಗೆದುಕೊಂಡು ನಾನೂ ಗಿರಿಜಳೂ ತಗ್ಗಿಗೆ ಹೋದೆವು. ನೀರು ಕುಡಿದ ಮಟ್ಟೆ ಒಂದೊಂದೂ ಕಲ್ಲಿನಷ್ಟು ಭಾರ. ಒಂಬತ್ತರ ಹೊತ್ತಿಗೆ ಹತ್ತು ಗಜವೂ ಆಗಿರಲಿಲ್ಲ. ಬೋರಯ್ಯ ಬಂದ, ಪಂಚೆ ಎತ್ತಿಕಟ್ಟಿದ. ಆಚೆಯಿಂದ ಅಂಕಮ್ಮ, ಅವಳ ಹಿಂದೆ ಪಾಳ್ಯದ ಹೆಂಗಸರು ಹತ್ತು ಹನ್ನೆರಡು ಜನ.

"ಭಾನುವಾರ ಸೆಡ್ಡು ಇಲ್ಲ ಕಣವ್ವ," ಅಂದಳು ಅಂಕಮ್ಮ. "ನಮ್ ಟೀಚರಮ್ಮನ್ನ ಕಳಿಸ್ಬುಟ್ರೆ ಮಕ್ಳನ್ನ ಸೆರಗಿಗೆ ಕಟ್ಕಂಡು ಕೊಬ್ರಿ ಒಡೀಬೇಕಾಯ್ತದೆ."

ಮಧ್ಯಾಹ್ನಕ್ಕೆ ಹುಚ್ಚರಂಗಯ್ಯ ಗಾಡಿ ಹೊಡೆದುಕೊಂಡು ಬಂದ. ನೋಡಿ ನಗಲು ಬಂದನೆಂದುಕೊಂಡೆ. ಅವನ ಕಣ್ಣು ಮಟ್ಟೆಯ ರಾಶಿಯ ಮೇಲಿತ್ತು.

"ಇಷ್ಟು ನೆಂದ ಮಟ್ಟೆ ತೋಟಕ್ಕೆ ಬಂಗಾರ. ಏನ್ ಮಾಡ್ತೀಯ ಶಿವರುದ್ರಮ್ಮ?"

"ನೀನೇ ಹೊಡ್ಕಂಡ್ ಹೋಗು. ಬರೋವಾಗ ಬರಿಗಾಡಿ ಬರ್ಬಾರ್ದು ಅಷ್ಟೇಯ. ನಿನ್ನ ತೋಟದ ಹಿಂದೇನೇ ಗುಡ್ಡ ಅದೆ, ಗರಸು ತುಂಬ್ಕಂಡು ಬಾ."

ತಲೆ ಕೆರೆದುಕೊಂಡ. "ನಿನ್ನ ಗೆಲ್ಸಿದ್ದು ತಪ್ಪಾಯ್ತು," ಅಂದ. ಆರು ಗಾಡಿ ಮಟ್ಟೆ ಹೋಯಿತು, ಆರು ಗಾಡಿ ಗರಸು ಬಂತು. ನಾಳೆ ಇನ್ನೂ ಇಬ್ಬರು ಗಾಡಿ ತರುತ್ತಾರಂತೆ, ಮಟ್ಟೆಯಾಸೆಗೆ.

ಕೈ ಬೊಬ್ಬೆ ಬಂದಿದೆ, ಅಕ್ಷರ ಓರೆಯಾಗುತ್ತಿದೆ. ನಿಲ್ಲಿಸುತ್ತೇನೆ.

ನವೆಂಬರ್ ೯, ಕಾರ್ತೀಕ ಸೋಮವಾರ

ಗರಸಿನ ದಾರಿ ಮುಗಿದ ಮೇಲೆ ಒಂದು ಜಡಿಮಳೆ ಬಂದು ಹೋಯಿತು. ದಾರಿಯಲ್ಲಿ ನೀರು ನಿಲ್ಲಲಿಲ್ಲ. ನಾನೇ ಹೋಗಿ ನೋಡಿದೆ.

ಇವತ್ತಿನ ಸಭೆಯಲ್ಲಿ ನಾನು ಕೇಳುವ ಮೊದಲೇ ಪ್ರಧಾನರು ಕಲ್ಲುಕಂಬದ ವಿಷಯ ತೆಗೆದರು. ಪಾಳ್ಯದ ಕೂಲಿಯವರು ಈಗ ಸೈಕಲ್ಲಿನಲ್ಲಿ, ಒಬ್ಬರ ಹಿಂದೆ ಒಬ್ಬರು ಕೂತು ಹೊತ್ತಿಗೆ ಮುಂಚೆಯೇ ಅವರ ಶೆಡ್ಡಿಗೆ ಬರುತ್ತಿದ್ದಾರಂತೆ. "ದಾರಿ ಒಳ್ಳೇದೇ ಆಯ್ತು ಬುಡಮ್ಮ," ಅಂದರು. ಯಾರಿಗೆ ಒಳ್ಳೆಯದಾದರೇನು, ಕಂಬ ನೆಟ್ಟರೆ ಸಾಕು. ಆ ಬಿಸಿಯಲ್ಲೇ ಬಿಲ್ಲೆಯ ಮಾತನ್ನೂ ಎತ್ತಿದೆ. ಸೈಕಲ್ಲು ದಾರಿ ಸವೆಸುವುದಿಲ್ಲ, ಎಣ್ಣೆ ಕುಡಿಯುವುದಿಲ್ಲ, ಅದಕ್ಕೆ ಕಂದಾಯ ಯಾಕೆ ಅಂದೆ. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಂತೆ, ಬರೆದು ಕಳಿಸುತ್ತಾರಂತೆ. ಕಳಿಸಲಿ. ತಿಂಗಳಿಗೊಂದು ಸಲ ಕೇಳುತ್ತೇನೆ.

ನನ್ನ ಕುರ್ಚಿಯಲ್ಲಿ ಇವತ್ತು ಬೇರೆ ಯಾರೋ ಕೂತಿದ್ದರು, ನಾನು ಮೇಜಿನ ಹತ್ತಿರ ಕೂರಬೇಕಾಯಿತು.

ಡಿಸೆಂಬರ್ ೪, ಶುಕ್ರವಾರ

ಆರು ತಿಂಗಳಿಗೆ ನಾಲ್ಕೇ ದಿನ ಉಳಿದಿತ್ತು. ಇವತ್ತೇ ಬರಬೇಕೇ.

ಪೂಜೆ ಈಗ ಕತ್ತಲಿರುವಾಗಲೇ ಮುಗಿಯುತ್ತದೆ. ಗಿರಿಜ ಎಂಟು ಗಂಟೆಗೆ ಸೈಕಲ್ಲು ಹೊರಗೆ ತೆಗೆದಿದ್ದಳು. ಆಗ ತಿಪಟೂರು ಕಡೆಯ ಮೊದಲ ಬಸ್ಸಿನಿಂದ ಸೂಪರ್‌ವೈಸರಮ್ಮ ಇಳಿದರು. ಜೀಪಿಗೆ ಪೆಟ್ರೋಲು ಇಲ್ಲವಂತೆ. ಒಂಬತ್ತಕ್ಕೆ ಪಾಳ್ಯದಲ್ಲಿ ಇರಬೇಕಂತೆ, ಮುಂದಿನ ಬಸ್ಸು ಹತ್ತೂವರೆಗೆ. ನಮ್ಮ ಜಗಲಿಯ ಮುಂದೆ ನಿಂತು ಕೈಗಡಿಯಾರ ನೋಡಿಕೊಂಡರು.

"ನೀನು ದಿನಾ ಹೇಗೆ ಹೋಗ್ತೀಯಮ್ಮ?"

"ಇದ್ರಲ್ಲೇ ಮೇಡಂ."

"ಆ ದಾರೀಲಿ ಅವತ್ತು ಬಿದ್ದಿದ್ದೆ ತಾನೆ? ನಿನ್ನ ಸೀರೆ ನೋಡೇ ಗೊತ್ತಾಗಿತ್ತು. ನಿಯಮ ಅಂತ ಬರ್ದೆ."

ಗಿರಿಜ ನನ್ನ ಮುಖ ನೋಡಿದಳು. ನಾನು ಒಳಗಿನಿಂದ ಗೋಣಿತಾಟು ತಂದು ಹಿಂದಿನ ಕ್ಯಾರಿಯರ್ ಮೇಲೆ ಮಡಿಸಿ ಹಾಕಿದೆ. "ಕೂತ್ಕಳಿ," ಅಂದೆ. "ಈಗ ಬೀಳಲ್ಲ. ಬಸವಣ್ಣನ ಮುಂದೆ ಮಾತ್ರ ಇಳಿದು ನಡೀಬೇಕು. ಸರ್ಕಾರದೋರಾದ್ರೂ ಅಷ್ಟೇಯ."

ಅವರು ಸರ್ಕಾರದ ಫೈಲನ್ನು ಎದೆಗೆ ಅವಚಿಕೊಂಡು ಕೂತರು. ನಾನು ಏರಿಯ ಮೇಲಕ್ಕೆ ಹತ್ತಿ ನಿಂತೆ. ದೂರದಲ್ಲಿ ಸೈಕಲ್ಲು ನಿಂತಿತು. ಇಬ್ಬರೂ ಇಳಿದರು. ಚಪ್ಪಲಿ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದರು. ಮತ್ತೆ ಹತ್ತಿದರು. ಆಮೇಲೆ ಸೈಕಲ್ಲು ತೆಂಗಿನ ಮರಗಳ ಮರೆಯಾಯಿತು.

ಪಾಳ್ಯ ತಲುಪಿದಾಗ ಒಂಬತ್ತಕ್ಕೆ ಹದಿನೈದು ನಿಮಿಷ ಇತ್ತಂತೆ. ಮಕ್ಕಳಿಗಿಂತ ಮೊದಲು ಸೂಪರ್‌ವೈಸರಮ್ಮನೇ ಹಾಜರು. ಪುಸ್ತಕ ಬಿಚ್ಚಿ, 'ಸಮಯಕ್ಕೆ ಮುಂಚೆ' ಎಂದು ಬರೆದು, ಕೆಲಸ ಮುಂದುವರಿಸಬಹುದೆಂದು ರುಜು ಹಾಕಿದರಂತೆ. ಸಾಯಂಕಾಲ ಬಸ್ಸು ಇದ್ದರೂ ಸೈಕಲ್ಲಿನಲ್ಲೇ ಬಂದರು. ನಮ್ಮ ಮನೆಯಲ್ಲಿ ಒಂದು ಎಳನೀರು ಕುಡಿದು, ಇಂಥ ದಾರಿ ಬೇರೆ ಮಂಡಲದಲ್ಲೂ ಮಾಡಿಸುವುದಕ್ಕೆ ಏನು ಹಾಕಬೇಕು ಎಂದು ಕೇಳಿದರು.

"ಏನು ಹಾಕ್ಬೇಕೋ ಬೇರೆಯೋರು ಹೇಳ್ತಾರೆ," ಅಂದೆ. "ಮಟ್ಟೆ ಹಾಕ್ಬೇಡಿ."

ಡಿಸೆಂಬರ್ ೧೩, ಭಾನುವಾರ

ಬೆಳಗಿನ ಜಾವ, ಏರಿಯ ಮೇಲೆ ಯಾರೂ ಇಲ್ಲದಾಗ, ನಾನು ಸೈಕಲ್ಲು ಹತ್ತಿದೆ. ಗಿರಿಜ ಸೀಟು ಹಿಡಿದುಕೊಂಡು ಹಿಂದೆ ಓಡಿದಳು. ಹಿಡಿದಿದ್ದೀಯಾ ಎಂದು ಕೂಗುತ್ತಲೇ ಇದ್ದೆ. ಹೂಂ ಅನ್ನುವ ದನಿ ಬರಬರುತ್ತಾ ದೂರವಾಯಿತು. ಬಸವಣ್ಣನ ಮುಂದೆ ಇಳಿಯುವುದು ಹೇಗೆಂದು ಮಾತ್ರ ಅವಳು ಕಲಿಸಿರಲಿಲ್ಲ, ಹಾಗಾಗಿ ಬಿದ್ದೆ. ಬಿದ್ದವಳು ಹಾಗೇ ಅಡ್ಡಬಿದ್ದು ಎದ್ದೆ.

ಮೊಣಕಾಲು ತರಚಿದೆ. ಮಗನಿಗೆ ಹೇಳಬಾರದೆಂದು ಗಿರಿಜಳ ಹತ್ತಿರ ಮಾತು ತೆಗೆದುಕೊಂಡಿದ್ದೇನೆ. ನಮ್ಮ ಸೈಕಲ್ಲಿಗೆ ಏನೂ ಆಗಿಲ್ಲ.